ಎರಡು ವಾರ ಕಾರಲ್ಲಿ ಸುತ್ತುವವರಿಗೆ
ದಿನಕ್ಕೆ 60-70 ಕಿಲೋಮೀಟರ್‌ಗಿಂತ ಜಾಸ್ತಿ ಇಟ್ಟುಕೊಳ್ಳಬೇಡಿ. ಹುಬ್ಬಳ್ಳಿಯಿಂದ ಹೊರಟು ಗದಗಿನಲ್ಲಿ ನಾಲ್ಕು ದಿನ ರೂಮು ಮಾಡಿ. ಲಕ್ಕುಂಡಿ ಅಲ್ಲಿಂದ 12 ಕಿಲೋಮೀಟರ್ ಅಷ್ಟೇ, ಎಲ್ಲರೂ ಕಾಶಿವಿಶ್ವನಾಥ ಗುಡಿ ನೋಡಿ ಓಡುತ್ತಾರೆ, ನೀವು ಬೆಳಿಗ್ಗೆ ಬೇಗ ಹೋಗಿ ಮುಸುಕಿನ ಬಾವಿ ಅನ್ನೋ ಹಳೇ ಮೆಟ್ಟಿಲು ಬಾವಿ ಹತ್ತಿರ ಸುಮ್ನೆ ಕೂತು ಬಿಸಿಲು ಒಂದೊಂದೇ ಮೆಟ್ಟಿಲು ಇಳಿಯೋದನ್ನು ನೋಡಿ. ಹಳೇ ಗುಡಿಗಳಿರೋ ಡಂಬಳ ಇನ್ನೊಂದು ದಿನಕ್ಕಿರಲಿ. ಡಿಸೆಂಬರ್-ಜನವರಿ ಆದರೆ ಗದಗ ಜಿಲ್ಲೆಯಲ್ಲೇ ಇರೋ ಮಾಗಡಿ ಕೆರೆ ಬಿಡಬೇಡಿ, ಪಟ್ಟೆತಲೆ ಹೆಬ್ಬಾತುಗಳು ಹಿಂಡು ಹಿಂಡಾಗಿ ಬಂದಿರುತ್ತವೆ. ಆಮೇಲೆ ಲಕ್ಷ್ಮೇಶ್ವರ, ಸವಣೂರು, ಬಂಕಾಪುರ ನೋಡಿಕೊಂಡು ಹಾವೇರಿ ಸೇರಿ.

ಒಂದು ಎಚ್ಚರಿಕೆ. ಸುಗ್ಗಿಯಲ್ಲಿ ಹಳ್ಳಿ ರಸ್ತೆ ಮೇಲೇ ರಾಶಿ ಹರವಿರುತ್ತಾರೆ, ಹೋದ ಸಲ ಕತ್ತಲಲ್ಲಿ ಕಾಣದೆ ಅದರ ಮೇಲೆ ಕಾರು ಹತ್ತಿಸಿಬಿಟ್ಟೆ, ಹೊಟ್ಟು ಕಾರಿನಡಿ ಸುತ್ತಿಕೊಂಡು ಸುಟ್ಟ ವಾಸನೆ ಬಂತು. ಬೆಂಕಿ ಹತ್ತಿಕೊಂಡರೆ ಕಷ್ಟ ಅಲ್ವಾ? ಸಂಜೆ ಆರಕ್ಕೆ ಗಾಡಿ ನಿಲ್ಲಿಸಿಬಿಡಿ.