ಪುಟ್ಟ ನಾಯಿಯ ಬಿಡದ ತುರಿಕೆ: ಎಲ್ಲಿಂದ ಶುರು ಮಾಡಬೇಕು

ಶಿಟ್ಜು, ಪಗ್, ಲಾಸಾ ಥರದ ನಾಯಿ ವರ್ಷವಿಡೀ ಕೆರೆದುಕೊಳ್ಳುತ್ತಿದ್ದರೆ, ಶಾಂಪೂ ಬದಲಿಸುವ ಮೊದಲು ಅದು ಎಲ್ಲಿ ಕೆರೆದುಕೊಳ್ಳುತ್ತದೆ ಎಂದು ನೋಡಿ. ಬಾಲದ ಬುಡ, ಸೊಂಟ, ತೊಡೆಯ ಹಿಂಭಾಗವಾದರೆ ಮೊದಲ ಅನುಮಾನ ಚಿಗಟದ ಮೇಲೆ. ಪಾದ ನೆಕ್ಕುತ್ತಾ, ಕಿವಿ, ಮುಖ, ಕಂಕುಳು, ಹೊಟ್ಟೆ ಕೆಂಪಾಗಿಸಿಕೊಂಡಿದ್ದರೆ ಧೂಳಿನ ನುಸಿ, ಪರಾಗ ಅಥವಾ ಆಹಾರದ ಅಲರ್ಜಿ ಇರಬಹುದು. ಕಿವಿಯಂಚಿನಲ್ಲಿ ಹಕ್ಕಳೆ ಕಟ್ಟಿ ಮನೆಯವರಿಗೂ ಮೈ ತುರಿಸುತ್ತಿದ್ದರೆ ಕಜ್ಜಿ ಇದೆಯೇ ಎಂದು ವೈದ್ಯರಲ್ಲಿ ಮೊದಲು ಕೇಳಿ.

ಚಿಗಟ ಕಣ್ಣಿಗೆ ಬೀಳಲಿಲ್ಲ ಅಂದ ಮಾತ್ರಕ್ಕೆ ಇಲ್ಲ ಅಂತಲ್ಲ. ನಾಯಿಯನ್ನು ಬಿಳಿ ಬಟ್ಟೆಯ ಮೇಲೆ ನಿಲ್ಲಿಸಿ, ಬಾಲದ ಬುಡದಲ್ಲಿ ಸೀರಣಿಗೆ ಆಡಿಸಿ. ಕಾಫಿಪುಡಿಯಂಥ ಕರಿ ಕಾಳು ಉದುರಿದರೆ ಒದ್ದೆ ಟಿಶ್ಯೂ ಮೇಲೆ ಒತ್ತಿ. ಸುತ್ತ ಕೆಂಪಗೆ ಹರಡಿತೇ? ಅದು ಚಿಗಟದ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ. ಅಲರ್ಜಿ ಇರುವ ನಾಯಿಗೆ ಬೆರಳೆಣಿಕೆಯ ಕಡಿತವೇ ಸಾಕು. ಚಿಗಟ ಕೊಲ್ಲುವ ಮಾತ್ರೆಗಳಲ್ಲಿ ತೂಕಕ್ಕೆ ತಕ್ಕ ಅಫಾಕ್ಸೊಲಾನರ್ ತಿಂಗಳಿಗೊಮ್ಮೆ ಅಥವಾ ಫ್ಲೂರಲಾನರ್ 12 ವಾರಕ್ಕೊಮ್ಮೆ ಕೊಡಿ. ಫಿಟ್ಸ್ ಬಂದ ನಾಯಿಯಾದರೆ ವೈದ್ಯರಿಗೆ ಮೊದಲೇ ತಿಳಿಸಿ. ನಮ್ಮ ಹವೆಯಲ್ಲಿ ಚಿಗಟಕ್ಕೆ ರಜೆಯಿಲ್ಲ, ಔಷಧಿಗೂ ಇರಬಾರದು. ಮೊಟ್ಟೆ, ಮರಿಹುಳ ಇರುವುದು ಹಾಸಿಗೆಯಲ್ಲಿ, ನೆಲದ ಸಂದಿಯಲ್ಲಿ. ಹಾಗಾಗಿ ವಾರಕ್ಕೊಮ್ಮೆ ಹಾಸಿಗೆಯನ್ನು ಬಿಸಿನೀರಲ್ಲಿ ಒಗೆಯಿರಿ, ಮನೆಯ ಎಲ್ಲ ಪ್ರಾಣಿಗಳಿಗೂ ಒಟ್ಟಿಗೇ ಔಷಧಿ ಕೊಡಿ. ನಾಯಿಗೆಂದಿರುವ ಪರ್ಮೆಥ್ರಿನ್ ಎಂಬ ಕೀಟನಾಶಕ ಬೆಕ್ಕಿನ ಜೀವ ತೆಗೆದೀತು, ಬೆಕ್ಕಿಗೆ ಹಚ್ಚಲೇಬೇಡಿ.

ಮುಂದೆ ಸೋಂಕು. ಬೆರಳ ಸಂದು ಬಿಡಿಸಿ ನೋಡಿ: ಕೂದಲು ತುಕ್ಕಿನ ಬಣ್ಣಕ್ಕೆ ತಿರುಗಿ, ಚರ್ಮ ಜಿಡ್ಡಾಗಿ ಹುಳಿವಾಸನೆ ಬರುತ್ತಿದ್ದರೆ ಅಲ್ಲಿ ಯೀಸ್ಟ್ (ಒಂದು ಬಗೆಯ ಶಿಲೀಂಧ್ರ) ಬೆಳೆದಿರುವ ಸಾಧ್ಯತೆ ಹೆಚ್ಚು. ವೈದ್ಯರು ಟೇಪ್ ಅಂಟಿಸಿ ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಖಚಿತವಾಗುತ್ತದೆ. ಕ್ಲೋರ್‌ಹೆಕ್ಸಿಡಿನ್, ಮೈಕೊನಜೋಲ್ (ಸೋಂಕುನಾಶಕ ಮತ್ತು ಶಿಲೀಂಧ್ರನಾಶಕ) ಇರುವ ಶಾಂಪೂವಿನಿಂದ ವಾರಕ್ಕೆರಡು ಸಲದಂತೆ ಮೂರು–ನಾಲ್ಕು ವಾರ ಸ್ನಾನ ಮಾಡಿಸಿ. ನೊರೆ 10 ನಿಮಿಷ ಚರ್ಮದ ಮೇಲಿರಬೇಕು, ಗಡಿಯಾರ ನೋಡಿಯೇ ತೊಳೆಯಿರಿ. ಎರಡೇ ನಿಮಿಷಕ್ಕೆ ತೊಳೆದುಬಿಟ್ಟರೆ ಶಾಂಪೂ ಸರಿಯಾಗಿ ಕೆಲಸ ಮಾಡದು. ನೀರು ಉಗುರುಬೆಚ್ಚಗಿರಲಿ, ಬಿಸಿಯಾದರೆ ತುರಿಕೆ ಕೆರಳುತ್ತದೆ. ಕೊನೆಗೆ ಬೆರಳ ಸಂದು, ಪಗ್‌ನ ಮುಖದ ಮಡಿಕೆಗಳನ್ನು ಒಣಗಿಸದಿದ್ದರೆ ಮಳೆಗಾಲದಲ್ಲಿ ಎಲ್ಲವೂ ವ್ಯರ್ಥ. ಟೀ ಟ್ರೀ ಎಣ್ಣೆ ಬೇಡವೇ ಬೇಡ, ನಾಯಿ ಅದನ್ನು ನೆಕ್ಕಿದರೆ ವಿಷ.

ಇಷ್ಟಾದರೂ ತುರಿಕೆ ನಿಲ್ಲದಿದ್ದರೆ ಆಹಾರ ಪರೀಕ್ಷೆ. ಕೋಳಿ, ದನದ ಮಾಂಸ, ಹಾಲು ಹೆಚ್ಚು ಅಲರ್ಜಿ ತರುವ ಆಹಾರಗಳು. ಇದುವರೆಗೆ ತಿನ್ನದ ಒಂದು ಮಾಂಸ ಅಥವಾ ಹೈಡ್ರೊಲೈಸ್ಡ್ ಆಹಾರ (ಅಲರ್ಜಿ ಬರದಂತೆ ಪ್ರೋಟೀನನ್ನು ಚೂರುಚೂರಾಗಿ ಒಡೆದದ್ದು), ಎಂಟು ವಾರ, ಬೇರೇನೂ ಇಲ್ಲ. ಅಜ್ಜಿ ಕೊಟ್ಟ ಒಂದು ಬಿಸ್ಕತ್ತು, ಊಟದ ತಟ್ಟೆಯ ಮೊಸರನ್ನ, ಮಾಂಸದ ರುಚಿಯ ಜಂತಿನ ಮಾತ್ರೆ, ಯಾವುದಾದರೂ ಪರೀಕ್ಷೆ ಕೆಡಿಸುತ್ತದೆ. ತುರಿಕೆ ಕಡಿಮೆಯಾದ ಮೇಲೆ ಹಳೆಯ ಆಹಾರ ಮತ್ತೆ ಕೊಡಬೇಕು. ಎರಡು ವಾರದೊಳಗೆ ತುರಿಕೆ ಮರಳಿದರೆ ಮಾತ್ರ ಆಹಾರದ್ದೇ ತಪ್ಪು.

ಉಳಿದದ್ದು ಧೂಳಿನ ನುಸಿ, ಪರಾಗದಂಥ ಪರಿಸರದ ಅಲರ್ಜಿ. ಅದನ್ನು ಹತೋಟಿಯಲ್ಲಿಡಬಹುದು, ಬೇರುಸಹಿತ ಕೀಳಲಾಗದು. ವರ್ಷ ತುಂಬಿದ ನಾಯಿಗೆ ವೈದ್ಯರು ತುರಿಕೆ ತಗ್ಗಿಸುವ ಓಕ್ಲಾಸಿಟಿನಿಬ್ ಮಾತ್ರೆ ಬರೆಯಬಹುದು: ಕೆಜಿಗೆ 0.4ರಿಂದ 0.6 ಮಿ.ಗ್ರಾಂ, ದಿನಕ್ಕೆರಡು ಸಲ, ಹೆಚ್ಚೆಂದರೆ 14 ದಿನ, ಆಮೇಲೆ ದಿನಕ್ಕೊಮ್ಮೆ. ಆರು ಕೆಜಿ ನಾಯಿಗೆ ಅಂದಾಜು 3.6 ಮಿ.ಗ್ರಾಂನ ಒಂದು ಮಾತ್ರೆ. ತೂಕ ತಿಳಿಯಲು ನಾಯಿಯನ್ನೆತ್ತಿಕೊಂಡು ತಕ್ಕಡಿ ಮೇಲೆ ನಿಂತು, ನಿಮ್ಮ ತೂಕ ಕಳೆಯಿರಿ. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಬೇಗ ಕೆಲಸ ಮಾಡುತ್ತದೆ, ಆದರೆ ಬಾಯಾರಿಕೆ, ಮೂತ್ರ, ಹಸಿವು ಹೆಚ್ಚುತ್ತವೆ. ನೀವಾಗಿಯೇ ದಿಢೀರನೆ ನಿಲ್ಲಿಸಬೇಡಿ, ಅಂಗಡಿಯಿಂದ ತಂದು ಮತ್ತೆ ಮತ್ತೆ ಕೊಡಲೂಬೇಡಿ. ಮೀನೆಣ್ಣೆಯ ಗುಣ ಕಾಣಲು ಎರಡು–ಮೂರು ತಿಂಗಳು ಬೇಕು.

ಪ್ರತಿ ರಾತ್ರಿ ತುರಿಕೆಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಟ್ಟು ಕ್ಯಾಲೆಂಡರಿನಲ್ಲಿ ಬರೆಯಿರಿ. ಅಂಕ ಒಮ್ಮೆಗೇ ಏರಿದ ದಿನ, ಚಿಗಟದ ಮಾತ್ರೆಯ ತಾರೀಖು ಮೀರಿದೆಯೇ ಎಂದು ಮೊದಲು ನೋಡಿ, ಆಮೇಲೆ ಪಾದ ಮತ್ತು ಕಿವಿಯನ್ನು ಮೂಸಿ ನೋಡಿ.