ಉಳ್ಳಾಗಡ್ಡಿ ಬೇರಿನ ತುದಿಯಲ್ಲಿ 16 ವರ್ಣತಂತುಗಳು

ವಂಶದ ಗುಣಗಳನ್ನು ಹೊತ್ತ ಎಳೆಗಳಾದ ವರ್ಣತಂತುಗಳು (ಕ್ರೋಮೋಸೋಮ್‌ಗಳು) ಕಣ್ಣಿಗೆ ಬೀಳುವುದು ಜೀವಕೋಶ ಒಂದು ಎರಡಾಗುವ ಹೊತ್ತಿನಲ್ಲಿ ಮಾತ್ರ. ಮಿಕ್ಕ ಸಮಯದಲ್ಲಿ ಅವು ಸುರುಳಿ ಬಿಚ್ಚಿದ ನೂಲಿನಂತೆ ಕೋಶಕೇಂದ್ರದೊಳಗೆ ಹರಡಿಕೊಂಡಿರುತ್ತವೆ. ಆ ಹೊತ್ತನ್ನು ಹಿಡಿದು ನಿಲ್ಲಿಸುವುದೇ ಈ ಪ್ರಯೋಗದ ಗುಟ್ಟು. ಕಲಬುರಗಿಯ ಕಣ್ಣಿ ಮಾರ್ಕೆಟ್‌ನಿಂದ ತಂದ ನಾಲ್ಕು ಉಳ್ಳಾಗಡ್ಡಿ ಅದಕ್ಕೆ ಸಾಕು.

ಮೊಳಕೆ ಬಾರದ ಗಡ್ಡೆಯನ್ನು ಆರಿಸಿ, ಬುಡದ ಒಣಬೇರುಗಳನ್ನು ಬ್ಲೇಡಿನಿಂದ ಹೆರೆದು ತೆಗೆಯಿರಿ. ಬುಡ ಮಾತ್ರ ನೀರಿಗೆ ತಾಗುವಂತೆ ಲೋಟದ ಬಾಯಿಯ ಮೇಲೆ ಕೂರಿಸಿ, ದಿನವೂ ನೀರು ಬದಲಿಸಿ. ನಮ್ಮ ಏಪ್ರಿಲ್–ಮೇ ಬಿಸಿಲಿನಲ್ಲಿ ನೀರು ಕಾದು ಬೇರು ಕೊಳೆತುಬಿಡುತ್ತದೆ. ಮಣ್ಣಿನ ಕೊಡದ ಪಕ್ಕದ ತಂಪಿನಲ್ಲಿಡಿ. ಚಳಿಗಾಲವಾದರೆ ಇನ್ನೂ ಒಳ್ಳೆಯದು.

ಎರಡು ಮೂರು ದಿನದಲ್ಲಿ ಬೇರು ಒಂದೆರಡು ಸೆಂಟಿಮೀಟರ್ ಬೆಳೆದಾಗ, ಬೆಳಿಗ್ಗೆ ಅದನ್ನು ಕತ್ತರಿಸಿ ಮೂರು ಪಾಲು ಆಲ್ಕೋಹಾಲ್, ಒಂದು ಪಾಲು ಅಸಿಟಿಕ್ ಆಮ್ಲದ ಮಿಶ್ರಣಕ್ಕೆ ಹಾಕಿ. ಕೋಶಗಳು ಇದ್ದಲ್ಲೇ, ಇದ್ದ ಹಾಗೆಯೇ ನಿಲ್ಲುತ್ತವೆ. 24 ಗಂಟೆಗಳ ನಂತರ 60 ಡಿಗ್ರಿ ಸೆಲ್ಸಿಯಸ್ ಬಿಸಿಯ, ಒಂದು ನಾರ್ಮಲ್ (1N) ಸಾಂದ್ರತೆಯ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಐದಾರು ನಿಮಿಷ ಮೆತ್ತಗಾಗಿಸಿ ತೊಳೆಯಿರಿ. ಆಮ್ಲದ ಕೆಲಸ ಶಿಕ್ಷಕರ ಕೈಯಲ್ಲೇ ಇರಲಿ.

ಈಗ ತುದಿಯ ಎರಡು ಮಿಲಿಮೀಟರ್ ಮಾತ್ರ ಗಾಜಿನ ಸ್ಲೈಡಿನ ಮೇಲೆ ಇಟ್ಟುಕೊಂಡು ಉಳಿದದ್ದನ್ನು ಬಿಡಿ. ಅದರ ಮೇಲೆ ಅಸಿಟೋಕಾರ್ಮಿನ್ ಬಣ್ಣದ ಹನಿ ಹಾಕಿ, ಕುದಿಯದಂತೆ ಸ್ಪಿರಿಟ್ ದೀಪದ ಮೇಲೆ ಹಾಯಿಸಿ, ಹತ್ತು ನಿಮಿಷ ಕಾಯಿರಿ. ಕವರ್ ಗಾಜು ಮುಚ್ಚಿ ಪೆನ್ಸಿಲ್ ಹಿಂಬದಿಯಿಂದ ಮೆಲ್ಲಗೆ ತಟ್ಟಿ. ಬಳಿಕ ಒತ್ತುಕಾಗದ ಹಾಸಿ ಹೆಬ್ಬೆರಳಿನಿಂದ ನೇರವಾಗಿ ಒತ್ತಿ. ಗಾಜು ಕೂದಲೆಳೆಯಷ್ಟು ಜಾರಿದರೂ ಕೋಶಗಳು ಹೊಸೆದುಕೊಂಡು ಶ್ರಮವೆಲ್ಲ ಹಾಳು.

ಸೂಕ್ಷ್ಮದರ್ಶಕದಲ್ಲಿ ಉದ್ದನೆಯ ಕೋಶಗಳು ಕಂಡರೆ ನೀವು ತುದಿಯಿಂದ ಮೇಲಿದ್ದೀರಿ ಎಂದರ್ಥ. ಚೌಕಾಕಾರದ ಕೋಶಗಳನ್ನು ಹುಡುಕಿ, 400 ಪಟ್ಟು ಹಿಗ್ಗಿಸಿ ನೋಡಿ. ಕೆಲವದರಲ್ಲಿ ಕಡುಗೆಂಪು ಎಳೆಗಳು ನಡುವೆ ಸಾಲುಗಟ್ಟಿರುತ್ತವೆ. ಚೆನ್ನಾಗಿ ಹರಡಿದ್ದರೆ ಎಣಿಸಿ: 16. ಇನ್ನೊಂದು ಕೋಶದಲ್ಲಿ ಅವು ಎರಡು ಗುಂಪಾಗಿ ಎದುರುಬದುರು ದಿಕ್ಕಿಗೆ ಸರಿಯುತ್ತಿರುತ್ತವೆ. ಈ ಕೋಶದ ಮುಂದೆ ನಾನು ವಿದ್ಯಾರ್ಥಿಗಳನ್ನು ಬಹಳ ಹೊತ್ತು ನಿಲ್ಲಿಸುತ್ತೇನೆ.

ಏಕೆಂದರೆ ತಾಯಿಯ ಅಂಡ ರೂಪುಗೊಳ್ಳುವಾಗಲೂ ಇಂಥದ್ದೇ ಬೇರ್ಪಡೆ ನಡೆಯಬೇಕು. 21ನೇ ಜೋಡಿ ಬೇರೆಯಾಗದೆ ಉಳಿದರೆ ಮಗುವಿಗೆ 46ರ ಬದಲು 47 ವರ್ಣತಂತುಗಳು ಬರುತ್ತವೆ. ಮಗುವಿನ ಬೆಳವಣಿಗೆ, ಕಲಿಕೆ ನಿಧಾನವಾಗುವ ಡೌನ್ ಸಿಂಡ್ರೋಮ್‌ಗೆ ಬಹುಪಾಲು ಕಾರಣ ಇದೇ. ಹೆಚ್ಚುವರಿ ತಂತುವನ್ನು ಫ್ರಾನ್ಸಿನ ವಿಜ್ಞಾನಿಗಳು 1959ರಲ್ಲಿ ವರದಿ ಮಾಡಿದರು. ಗ್ರಹಣದಲ್ಲಿ ಹೊರಗೆ ಬಂದಳೆಂದು ಇಂದಿಗೂ ತಾಯಿಯನ್ನು ದೂರುವ ಮನೆಗಳಿವೆ. ಆಕೆಯ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ.

ವರ್ಣತಂತುಗಳನ್ನು ಎಣಿಸುವ ಆಸ್ಪತ್ರೆಯ ರಕ್ತಪರೀಕ್ಷೆಯೂ ಇದೇ ಹಾದಿಯದು. ರಕ್ತದ ಬಿಳಿಕಣಗಳು ತಾವಾಗಿ ವಿಭಜಿಸದ ಕಾರಣ ರಾಜ್ಮಾ ಕಾಳಿನಿಂದ ತೆಗೆದ ಪ್ರೋಟೀನ್ ಹಾಕಿ ಸುಮಾರು 72 ಗಂಟೆ ಬೆಳೆಸುತ್ತಾರೆ. ಕಾಲ್ಚಿಸಿನ್‌ನಿಂದ ವಿಭಜನೆಯನ್ನು ನಡುವೆಯೇ ತಡೆಯುತ್ತಾರೆ. ಈ ರಾಸಾಯನಿಕ ನಮ್ಮ ಅಗ್ನಿಶಿಖೆ ಗಿಡದಲ್ಲೂ ಇದೆ, ಘೋರ ವಿಷ. ಗಿಡವನ್ನು ಮುಟ್ಟಲು ಹೋಗಬೇಡಿ.

ಉಳಿದ ಬೇರುಗಳನ್ನು ಶೇ 70ರ ಆಲ್ಕೋಹಾಲಿನಲ್ಲಿ ಫ್ರಿಜ್‌ನಲ್ಲಿಡಿ. ಕೈ ಪಳಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಮೊಳಕೆ ಕಟ್ಟಿದ ತೊಗರಿಯನ್ನು ಪರೀಕ್ಷಿಸಿ. ಅದರ 22 ತಂತುಗಳು ಬಲು ಚಿಕ್ಕವು, ಎಣಿಸಲು ಒಂದೆರಡು ಸಂಜೆಗಳೇ ಬೇಕಾದಾವು.