ಕಚೇರಿಯ ಮೆಟ್ಟಿಲು ಹತ್ತದೆ ಲಗ್ನ ನೋಂದಣಿ: ಕಲಬುರಗಿಯಿಂದ ನನ್ನ ಅನುಭವ

ಕಲಬುರಗಿಯ ಮಿನಿ ವಿಧಾನಸೌಧದ ಆಸುಪಾಸಿನಲ್ಲಿ ನಾನು ದಸ್ತಾವೇಜು ಬರೆಯುತ್ತ ಹದಿನೇಳು ವರ್ಷಗಳಾದವು. 2024ರಲ್ಲಿ ರಾಜ್ಯ ನೋಂದಣಿ ಇಲಾಖೆಯ ಜಾಲತಾಣವಾದ ಕಾವೇರಿ 2.0 ಮೂಲಕ ಹಿಂದೂ ವಿವಾಹಗಳನ್ನು ಮನೆಯಿಂದಲೇ ನೋಂದಾಯಿಸುವ ಸೌಲಭ್ಯ ಬಂದಾಗ ನನ್ನ ಅಕ್ಕಪಕ್ಕ ಕುಳಿತ ವೃತ್ತಿಬಾಂಧವರಲ್ಲಿ ಹೆಚ್ಚಿನವರು "ಇದು ನಮ್ಮ ಕಡೆ ನಡೆಯಂಗಿಲ್ರಿ, ವಧು, ವರ, ಮೂವರು ಸಾಕ್ಷಿ ಸೇರಿ ಐದು ಮಂದಿ ಸಬ್‌ರಿಜಿಸ್ಟ್ರಾರ್ ಸಾಹೇಬರ ಮುಂದೆ ನಿಲ್ಲದೆ ಸರ್ಟಿಫಿಕೇಟ್ ಬರಂಗಿಲ್ಲ" ಎಂದರು. ಮೊದಲ ಐದು ಅರ್ಜಿಗಳಲ್ಲಿ ನಾಲ್ಕು ಹಿಂದಿರುಗಿದಾಗ ಅವರ ಮಾತೇ ನಿಜವೆನಿಸಿತ್ತು. ಆದರೆ ಅಲ್ಲಿಂದ ಇಲ್ಲಿಯವರೆಗೆ ನಾನು ಸುಮಾರು 60 ಅರ್ಜಿಗಳನ್ನು ಸಲ್ಲಿಸಿದ್ದೇನೆ. ಎರಡು ಮೂರನ್ನು ಬಿಟ್ಟರೆ ಎಲ್ಲವೂ ಫಲಿಸಿವೆ. ಖಾತೆ ತೆರೆಯುವುದು, ಅರ್ಜಿ ತುಂಬುವುದು ನಿಮಗೆ ಗೊತ್ತಿರುವ ಕೆಲಸ. ನಾನು ಎಡವಿದ ಜಾಗಗಳನ್ನಷ್ಟೇ ಇಲ್ಲಿ ಬರೆಯುತ್ತೇನೆ.

ಆನ್‌ಲೈನ್‌ನಲ್ಲಿ ಆಗುವುದು ಲಗ್ನದ ನೋಂದಣಿಯೇ ಹೊರತು ಲಗ್ನವಲ್ಲ. ಇದನ್ನು ಗಿರಾಕಿಗೆ ಮೊದಲ ದಿನವೇ ಬಿಡಿಸಿ ಹೇಳದಿದ್ದರೆ ಮುಂದೆ ತೊಂದರೆ ತಪ್ಪಿದ್ದಲ್ಲ. ಒಮ್ಮೆ ಒಂದು ಜೋಡಿ ಬಂದು, ವೀಸಾಕ್ಕಾಗಿ ಪ್ರಮಾಣಪತ್ರ ಈಗಲೇ ಬೇಕು, ಲಗ್ನದ ಅಕ್ಕಿಕಾಳು ಡಿಸೆಂಬರಿನಲ್ಲಿ ಹಾಕಿಸಿಕೊಳ್ಳುತ್ತೇವೆ ಎಂದು 4,000 ರೂಪಾಯಿ ಮೇಜಿನ ಮೇಲಿಟ್ಟಿತು. ನಾನು ಹಣವನ್ನು ಮರಳಿಸಿದೆ. ಹಿಂದೂ ವಿವಾಹ ಅಧಿನಿಯಮದ 7ನೇ ಕಲಂ ಪ್ರಕಾರ ವಧು ಅಥವಾ ವರನ ಕಡೆಯ ರೂಢಿಯ ವಿಧಿ ನಡೆದಿರಬೇಕು; 8ನೇ ಕಲಂನ ನೋಂದಣಿ ಹಾಗೆ ನಡೆದ ಲಗ್ನಕ್ಕೆ ಪುರಾವೆ ಮಾತ್ರ. ವಿಧಿಯೇ ನಡೆಸದೆ ಪ್ರಮಾಣಪತ್ರ ಪಡೆದಿದ್ದ ಇಬ್ಬರು ತರಬೇತಿ ಪಡೆದ ಪೈಲಟ್‌ಗಳ ಪ್ರಕರಣದಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ 2024ರ ಏಪ್ರಿಲ್‌ನಲ್ಲಿ ಆ ಲಗ್ನವೇ ಆಗಿಲ್ಲವೆಂದು ತೀರ್ಪಿತ್ತಿದೆ. ಅಂಥ ಕಾಗದ ನನ್ನ ಕೈಯಿಂದ ಹೊರಗೆ ಹೋಗಬಾರದೆಂಬುದು ನನ್ನ ನಿಶ್ಚಯ.

ನಮ್ಮ ಭಾಗದಲ್ಲಿ ಇನ್ನೊಂದು ಸಂದೇಹ ಮೇಲಿಂದ ಮೇಲೆ ಬರುತ್ತದೆ. ಲಿಂಗಾಯತರ ಎಷ್ಟೋ ಲಗ್ನಗಳಲ್ಲಿ ಸಪ್ತಪದಿ ಇರುವುದಿಲ್ಲ, ಬೌದ್ಧರಲ್ಲಂತೂ ಪದ್ಧತಿಯೇ ಬೇರೆ. ಹಾಗಾದರೆ ಇವು ಹಿಂದೂ ವಿವಾಹ ಕಾನೂನಿಗೆ ಒಳಪಡುತ್ತವೆಯೇ ಎಂದು ಕೇಳುತ್ತಾರೆ. ಒಳಪಡುತ್ತವೆ. ವೀರಶೈವ ಮತ್ತು ಲಿಂಗಾಯತ ಎಂಬ ಪದಗಳನ್ನು 2ನೇ ಕಲಂ ಹೆಸರಿಟ್ಟೇ ಹೇಳುತ್ತದೆ. ಬೌದ್ಧ, ಜೈನ, ಸಿಖ್ಖರನ್ನೂ ಸೇರಿಸುತ್ತದೆ. ರೂಢಿಯಲ್ಲಿ ಸಪ್ತಪದಿ ಇದ್ದವರಿಗೆ ಮಾತ್ರ ಏಳನೆಯ ಹೆಜ್ಜೆಗೆ ಲಗ್ನ ಪೂರ್ಣವಾಗುತ್ತದೆ. ಉಳಿದವರಿಗೆ ಅವರವರ ವಿಧಿಯೇ ಆಧಾರ.

ಆದ್ದರಿಂದಲೇ ಲಗ್ನಪತ್ರಿಕೆಯ ಜೊತೆಗೆ ಏರಿಸುವ ವಿಡಿಯೊ ಬಹಳ ಮುಖ್ಯ, ಮತ್ತು ನನ್ನ ಮೊದಲ ಸೋಲು ಕೂಡ ಅದರಲ್ಲೇ ಆಯಿತು. ಫೋಟೋಗ್ರಾಫರ್ ಕೊಟ್ಟ ಮೂರು ತಾಸಿನ ಚಿತ್ರೀಕರಣದಿಂದ ಮೊದಲ ಎರಡು ನಿಮಿಷವನ್ನು ಕತ್ತರಿಸಿ ಕಳಿಸಿದ್ದೆ. ಅದರಲ್ಲಿ ಮೆರವಣಿಗೆ, ಬ್ಯಾಂಡು, ಡ್ರೋನ್ ದೃಶ್ಯಗಳಿದ್ದವೇ ಹೊರತು ಲಗ್ನವೇ ಇರಲಿಲ್ಲ. ಈಗ ಲಗ್ನಕ್ಕೆ ಮುಂಚೆಯೇ ನಾನು ಫೋಟೋಗ್ರಾಫರನಿಗೆ ಫೋನ್ ಮಾಡುತ್ತೇನೆ. ವರನ ಕೈ ತಾಳಿಯ ಗಂಟು ಹಾಕುತ್ತಿರುವಾಗ ಬಾಸಿಂಗದ ಕೆಳಗೆ ಇಬ್ಬರ ಮುಖವೂ ಕಾಣಬೇಕು, ಅಕ್ಕಿಕಾಳು ಬೀಳುವುದು ಕಾಣಬೇಕು, ಮೂವರು ಸಾಕ್ಷಿಗಳು ಅದೇ ಚೌಕಟ್ಟಿನೊಳಗೆ ನಿಂತಿರಬೇಕು, ಕ್ಯಾಮೆರಾ ಒಂದೂವರೆ ನಿಮಿಷ ಅಲುಗಾಡಬಾರದು ಎಂದು ಹೇಳುತ್ತೇನೆ. ಮುಖ ಮಸುಕಾಗದಂತೆ ಕಡತದ ಗಾತ್ರ ಇಳಿಸುವ ವಿಧಾನವೊಂದನ್ನು ಎರಡು ತಿಂಗಳು ತಿಣುಕಾಡಿ ಕಂಡುಕೊಂಡಿದ್ದೇನೆ. ಅದು ನನ್ನ ಹೊಟ್ಟೆಪಾಡಾದ್ದರಿಂದ ಇಲ್ಲಿ ಬರೆಯುವುದಿಲ್ಲ.

ಹೆಸರು ಮತ್ತು ಜನ್ಮದಿನಾಂಕಗಳ ತೊಡಕು ಇದಕ್ಕಿಂತ ದೊಡ್ಡದು. ಆಧಾರ್‌ನಲ್ಲಿ ಶರಣಬಸಪ್ಪ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಶರಣಬಸವ. ಒಂದರಲ್ಲಿ ತಂದೆಯ ಹೆಸರು ನಡುವೆ, ಇನ್ನೊಂದರಲ್ಲಿ ಅಡ್ಡಹೆಸರು ಮುಂದೆ. ನಮ್ಮ ಹಳ್ಳಿಗಳಲ್ಲಿ ಜನ್ಮದಿನ ಗೊತ್ತಿಲ್ಲದವರಿಗೆಲ್ಲ ಜನವರಿ 1 ಎಂದು ಬರೆಸುವ ರೂಢಿ ಇರುವುದು ನಿಮಗೂ ಗೊತ್ತು. ಆಳಂದ ತಾಲ್ಲೂಕಿನ ಒಬ್ಬ ವಧುವಿನ ಅಂಕಪಟ್ಟಿಯಲ್ಲಿ 2006ರ ಫೆಬ್ರವರಿ ಇತ್ತು, ಆಧಾರ್‌ನಲ್ಲಿ 2007ರ ಜನವರಿ 1. ಲಗ್ನ ನಡೆದದ್ದು 2024ರ ಮೇ ತಿಂಗಳಲ್ಲಿ. ಅಂಕಪಟ್ಟಿಯ ಪ್ರಕಾರ ಆಕೆಗೆ 18 ತುಂಬಿತ್ತು, ಆಧಾರ್ ಪ್ರಕಾರ ತುಂಬಿರಲಿಲ್ಲ. ನೋಡಬೇಕಾದದ್ದು ಲಗ್ನದ ದಿನದ ವಯಸ್ಸನ್ನೇ ಹೊರತು ಅರ್ಜಿಯ ದಿನದ ವಯಸ್ಸನ್ನಲ್ಲ. ವರನಿಗೆ 21, ವಧುವಿಗೆ 18. ಕರ್ನಾಟಕ ತಂದ ತಿದ್ದುಪಡಿಯ ಪ್ರಕಾರ ನಮ್ಮ ರಾಜ್ಯದಲ್ಲಿ ಬಾಲ್ಯವಿವಾಹ ಮೂಲದಲ್ಲೇ ಅಸಿಂಧು, ಆದ್ದರಿಂದ ಒಂದು ತಪ್ಪು ದಿನಾಂಕ ಇಡೀ ಲಗ್ನವನ್ನೇ ಅನುಮಾನಕ್ಕೆ ಈಡುಮಾಡುತ್ತದೆ. ಅಂಕಪಟ್ಟಿಯನ್ನು ತೋರಿಸಿ ಆಧಾರ್ ತಿದ್ದಿಸಲು ಮೂರು ವಾರ ಹಿಡಿಯಿತು. ಜನ್ಮದಿನಾಂಕವನ್ನು ಸಾಮಾನ್ಯವಾಗಿ ಒಮ್ಮೆ ಮಾತ್ರ ತಿದ್ದಿಸಬಹುದಾದ್ದರಿಂದ ಅವಸರದಿಂದ ಮಾಡುವ ಕೆಲಸ ಇದಲ್ಲ. ನಿಜವಾಗಿಯೂ ವಯಸ್ಸು ತುಂಬದ ಹುಡುಗಿಯ ಕಾಗದ ಹಿಡಿದು ಬಂದವರನ್ನು ನಾನು ಎರಡು ಬಾರಿ ಮರಳಿ ಕಳಿಸಿದ್ದೇನೆ. ಒಬ್ಬ ತಂದೆ 5,000 ಕೊಡುತ್ತೇನೆಂದಾಗ, ಆ ಹಣವನ್ನು ಮಗಳ ಕಾಲೇಜಿಗೆ ಕಟ್ಟಿರೆಂದು ಕೈಮುಗಿದು ಹೇಳಿದೆ.

ಇನ್ನು ಆಧಾರ್ ದೃಢೀಕರಣಕ್ಕೆ ಮೊಬೈಲಿಗೆ ಬರುವ ಓಟಿಪಿಯ ವಿಷಯ. ವಧೂವರರು ಇಬ್ಬರು, ಸಾಕ್ಷಿಗಳು ಮೂವರು, ಒಟ್ಟು ಐದು ಆಧಾರ್, ಐದು ಮೊಬೈಲ್. ಅಫಜಲಪುರದ ಕಡೆಯ ಒಂದು ಅರ್ಜಿಯಲ್ಲಿ ಸಾಕ್ಷಿಯಾದ ಕಾಕಾ ಪುಣೆಗೆ ದುಡಿಯಲು ಹೋಗಿ ಹೊಸ ಸಿಮ್ ಕೊಂಡಿದ್ದರು. ಆಧಾರ್‌ಗೆ ಜೋಡಿಸಿದ್ದ ಹಳೆಯ ನಂಬರು ಎಂದೋ ಬಂದ್ ಆಗಿತ್ತು. ಆ ಒಂದು ಅರ್ಜಿಗೆ ನನ್ನ ನಾಲ್ಕು ದಿನ ಹಾಳಾಯಿತು, ಆ ಕುಟುಂಬದ ಕೂಲಿಯೂ ಮುರಿಯಿತು. ಈಗ ಐದೂ ಮೊಬೈಲುಗಳನ್ನು ನನ್ನ ಮೇಜಿನ ಮೇಲೆ ಸಾಲಾಗಿ ಇಡಿಸಿ, ಒಂದೊಂದಕ್ಕೂ ಆಧಾರ್‌ನ ಸಂದೇಶ ಬರುತ್ತದೆಯೇ ಎಂದು ಪರೀಕ್ಷಿಸಿದ ಮೇಲೆಯೇ ಅರ್ಜಿಯ ಮೊದಲ ಪುಟವನ್ನು ತೆರೆಯುತ್ತೇನೆ. ಆಧಾರ್ ದೃಢೀಕರಣಕ್ಕೆ ಒಪ್ಪದವರಿಗೆ ಉಪನೋಂದಣಾಧಿಕಾರಿ ಕಚೇರಿಯ ಹಳೆಯ ದಾರಿ ಇದ್ದೇ ಇದೆ.

ಈ ನಡುವೆ ಇನ್ನೊಂದು ಪ್ರಯೋಗಕ್ಕೂ ಕೈಹಾಕಿದೆ. ದುಬೈಯಲ್ಲಿದ್ದ ವರನಿಗೆ ರಜೆ ಸಿಕ್ಕಿರಲಿಲ್ಲ. ಧಾರ್ಮಿಕ ವಿಧಿಯಿಲ್ಲದೆ ಅಧಿಕಾರಿಯ ಮುಂದೆಯೇ ಲಗ್ನವಾಗಲು ಇರುವ ವಿಶೇಷ ವಿವಾಹ ಅಧಿನಿಯಮದಡಿ ವಿಡಿಯೊ ಮೂಲಕ ಲಗ್ನಕ್ಕೆ ಕೇರಳ ಹೈಕೋರ್ಟ್ 2021ರಲ್ಲಿ, ಮದ್ರಾಸ್ ಹೈಕೋರ್ಟ್ 2022ರಲ್ಲಿ ಅನುಮತಿ ನೀಡಿದ್ದವು. ಕನ್ಯಾಕುಮಾರಿಯ ಆ ಎರಡನೆಯ ಪ್ರಕರಣದಲ್ಲಿ ಅಮೆರಿಕದಲ್ಲಿದ್ದ ವರನ ಪರವಾಗಿ ವಧುವೇ ಸಹಿ ಹಾಕಲು ನ್ಯಾಯಾಲಯ ಒಪ್ಪಿತ್ತು. ಒಬ್ಬರಾದರೂ ಜಿಲ್ಲೆಯಲ್ಲಿ 30 ದಿನ ವಾಸವಿರಬೇಕು, ನೋಟಿಸ್ ಪ್ರಕಟವಾದ ಮೇಲೆ ಆಕ್ಷೇಪಣೆಗೆ 30 ದಿನ ಕಾಯಬೇಕು, ಮೂವರು ಸಾಕ್ಷಿಗಳು ಬೇಕು, ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಲಗ್ನ ಮುಗಿಯಬೇಕು. ವಕೀಲರೊಬ್ಬರನ್ನು ಹಿಡಿದು, ಸುಮಾರು 9,000 ರೂಪಾಯಿ ಖರ್ಚಾದ ಮೇಲೆ, ವಧು ವರನ ಸೋದರಮಾವನ ಮಗಳೆಂದು ತಿಳಿಯಿತು. ಆ ಅಧಿನಿಯಮದ ಮೊದಲ ಅನುಸೂಚಿಯಲ್ಲಿ ಸೋದರಮಾವನ ಮಗಳು ನಿಷೇಧಿತ ಸಂಬಂಧಗಳ ಪಟ್ಟಿಯಲ್ಲಿದ್ದಾಳೆ. ಹಿಂದೂ ವಿವಾಹ ಕಾನೂನಾದರೋ ರೂಢಿಗೆ ಅವಕಾಶ ಕೊಡುತ್ತದೆ, ನಮ್ಮಲ್ಲಿ ಆ ರೂಢಿ ಮನೆಮನೆಯಲ್ಲೂ ಇದೆ. ಸಂಬಂಧವನ್ನು ಮೊದಲೇ ಕೇಳದಿದ್ದುದು ನನ್ನದೇ ತಪ್ಪು. ನನ್ನ ಪಾಲಿನ ಹಣವನ್ನು ಮರಳಿಸಿದೆ. ಕಡೆಗೆ ವರ ಹತ್ತು ದಿನದ ರಜೆ ಪಡೆದು ಬಂದ, ಊರ ಗುಡಿಯಲ್ಲಿ ಅಕ್ಕಿಕಾಳು ಬಿದ್ದವು, ಆತ ವಿಮಾನ ಹತ್ತುವ ಮೊದಲು ಐದೂ ಓಟಿಪಿಗಳನ್ನು ಮುಗಿಸಿದೆವು.

ಅಮೆರಿಕದ ಯೂಟಾ ಕೌಂಟಿ (ಅಲ್ಲಿನ ಒಂದು ಜಿಲ್ಲೆ) ವಿಡಿಯೊದಲ್ಲೇ ಲಗ್ನ ಮಾಡಿಸುತ್ತದೆಂದು ಇನ್ನೊಬ್ಬ ಸಾಫ್ಟ್‌ವೇರ್ ಹುಡುಗ ಕೇಳಿಕೊಂಡು ಬಂದಿದ್ದ. ಅದು ನಿಜ. ಆದರೆ ಲಗ್ನದ ಹೊತ್ತಿನಲ್ಲಿ ದಂಪತಿ ಒಂದೆಡೆ ಇರದಿದ್ದರೆ, ನಂತರವಾದರೂ ಅವರು ಕೂಡಿ ದಾಂಪತ್ಯ ನಡೆಸಿದ ಹೊರತು ಅಮೆರಿಕದ ವಲಸೆ ಕಾನೂನೇ ಅವರನ್ನು ಗಂಡ ಹೆಂಡತಿಯೆಂದು ಒಪ್ಪುವುದಿಲ್ಲ. ಆತನಿಗೆ ಬೇಕಾಗಿದ್ದುದು ಹೆಂಡತಿಯ ವೀಸಾ. ಇಲ್ಲಿಗೆ ಬಂದು ಲಗ್ನವಾಗುವುದೇ ಲೇಸೆಂದು ತಿಳಿಸಿದೆ.

ಹಣದ ಲೆಕ್ಕ ಹೇಳುವುದಾದರೆ, ಚಿಂಚೋಳಿಯ ಕಡೆಯ ತಾಂಡಾದಿಂದ ಐವರು ಜೀಪು ಮಾಡಿಕೊಂಡು ಕಚೇರಿಗೆ ಎರಡು ಬಾರಿ ಬಂದುಹೋದರೆ ಬಾಡಿಗೆ, ಊಟ, ಮುರಿದ ಕೂಲಿ ಸೇರಿ ಆರೇಳು ಸಾವಿರ ಆಗುತ್ತಿತ್ತು. ಸರ್ಕಾರದ ಶುಲ್ಕ ಅದರ ಮುಂದೆ ಲೆಕ್ಕಕ್ಕೇ ಇಲ್ಲ. ನಾನು ಎಲ್ಲ ಸೇರಿ 800 ತೆಗೆದುಕೊಳ್ಳುತ್ತೇನೆ, ಹೆಸರು ತಿದ್ದಿಸುವ ಓಡಾಟ ಬಿದ್ದರೆ 300 ಹೆಚ್ಚು.

"ನಡೆಯಂಗಿಲ್ಲ" ಎಂದಿದ್ದ ಪಕ್ಕದ ಹಿರಿಯರು ಕಳೆದ ಬೇಸಿಗೆಯಲ್ಲಿ ತಮ್ಮ ಮಗಳ ಲಗ್ನದ ಕಾಗದಗಳನ್ನು ನನ್ನ ಕೈಗೇ ಕೊಟ್ಟರು. ನಾಲ್ಕನೆಯ ದಿನಕ್ಕೆ ಪ್ರಮಾಣಪತ್ರ ಬಂತು. ನನ್ನ ಪ್ರಿಂಟರಿನಿಂದ ಹೊರಬಂದ ಬಿಸಿ ಹಾಳೆಯನ್ನು ಕನ್ನಡಕದ ಹತ್ತಿರ ಹಿಡಿದು, ಮಗಳ ಹೆಸರಿನ ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು ಓದಿ, ತಪ್ಪಿಲ್ಲವೆಂದು ಖಾತ್ರಿಯಾದ ಮೇಲೆ ಇನ್ನೆರಡು ಪ್ರತಿ ತೆಗೆಯಲು ಹೇಳಿದರು.